ಗೇಮ್ ಆಡಾಕ ವಿಂಡೋಸೇ ಬೇಕಂದವರು ನಾವೇ

ಹೋದ ದೀಪಾವಳಿಗೆ ಕುಷ್ಟಗಿಯ ಅಕ್ಕನ ಮನೆಗೆ ಹೋದಾಗ ಅಳಿಯನ ಕಂಪ್ಯೂಟರ್ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿತ್ತು. ಪುಕ್ಕಟೆ ಸಿಗುತ್ತೆ ಅಂತ ಕ್ರ್ಯಾಕ್ ಮಾಡಿದ ಗೇಮೊಂದನ್ನು ಇಳಿಸಿಕೊಂಡಿದ್ದ. ಮೊದಲು ಆ್ಯಂಟಿವೈರಸ್ ಆಫ್ ಮಾಡು ಅಂದಿತ್ತಂತೆ, ಮಾಡಿದ. ಮರುದಿನ ಎಲ್ಲಾ ಫೈಲಿಗೂ ಬೀಗ. ತೆಗೀಬೇಕಂದ್ರೆ ರೊಕ್ಕ ಕೊಡಿ ಅಂತ ಇಂಗ್ಲಿಷಿನಲ್ಲಿ ಬೆದರಿಕೆ. ನಮ್ಮಪ್ಪನ ಕೊನೆಯ ಫೋಟೋಗಳೂ ಅದರಲ್ಲೇ ಇದ್ದವು.

"ಈ ಗೇಮಿನ ಸಲುವಾಗೇ ಹಿಂಗಾತು ನೋಡು ತಮ್ಮಾ, ಅದನ್ನ ಮಾರಿಬಿಡು" ಅಂದಳು ಅಕ್ಕ.

ಅಕ್ಕನಿಗೆ ಗೊತ್ತಿಲ್ಲ, ತಪ್ಪು ನನ್ನದು. "ಮಾಮಾ, ಲಿನಕ್ಸ್ ಹಾಕ್ಲೇನು?" ಅಂತ ಹುಡುಗ ಫೋನ್ ಮಾಡಿದಾಗ "ಏ, ಅದರಾಗ ಗೇಮ್ ಬರಂಗಿಲ್ಲೋ, ಯಾರ ಕಡಿಂದಾದ್ರೂ ವಿಂಡೋಸ್ ಹಾಕಿಸ್ಕೊ" ಅಂದವನು ನಾನೇ. ದಿನವಿಡೀ ಲಿನಕ್ಸ್ ಸರ್ವರ್ ನೋಡಿಕೊಂಡು ಸಂಬಳ ಎಣಿಸುವ ನಾನು! ಹೇಳ್ರಿ, ನೀವಾದರೂ ಬೇರೆ ಏನು ಹೇಳ್ತಿದ್ರಿ?

ನಾನು ಗಂಗಾವತಿಯ ನೆಟ್ ಸೆಂಟರಿನಲ್ಲಿ ವೈಸ್ ಸಿಟಿ ಆಡುತ್ತಿದ್ದ ಕಾಲಕ್ಕೆ ಆ ಮಾತು ಸರಿ ಇತ್ತು. ಈಗ ಹಳಸಿದೆ. 2018ರ ಆಗಸ್ಟಿನಲ್ಲಿ ವಾಲ್ವ್ ಕಂಪನಿ ಪ್ರೋಟಾನ್ ಬಿಟ್ಟಿತು. ಅದರ ತಳಪಾಯ 1993ರಿಂದ ಬೆಳೆಯುತ್ತಾ ಬಂದ ವೈನ್. ಗಂಗಾವತಿಯ ಕ್ಯಾಂಪಿನ ತೆಲುಗು ರೈತನಿಗೂ ಕನ್ನಡದ ಅಂಗಡಿಯವನಿಗೂ ನಡುವೆ ನಿಂತು ಮಾತು ದಾಟಿಸುವವನಂತೆ, ಗೇಮ್ ವಿಂಡೋಸನ್ನು ಕೇಳಿದ್ದನ್ನು ಇದು ಲಿನಕ್ಸಿಗೆ ತಿಳಿಯುವ ಹಾಗೆ ಹೇಳುತ್ತೆ. 2022ರಲ್ಲಿ ಬಂದ ಸ್ಟೀಮ್ ಡೆಕ್ ವಿಂಡೋಸ್ ಗೇಮ್‌ಗಳನ್ನು ಆಡಿಸುವುದು ಇದರ ಮೇಲೇ.

ಎಲ್ಲಾ ಗೇಮೂ ಬರುತ್ತೆ ಅಂತ ಸುಳ್ಳು ಹೇಳಲ್ಲ. ವ್ಯಾಲೊರಂಟ್, ಫೋರ್ಟ್‌ನೈಟ್ ಬರಲ್ಲ. ಜಿಟಿಎ 5ರ ಕಥೆ ಆಡಬಹುದು, ಆನ್‌ಲೈನ್ ಆಟ 2024ರ ಸೆಪ್ಟೆಂಬರಿನಿಂದ ಬಂದ್. ಅದರ ಮೋಸ ತಡೆಯುವ ಸಾಫ್ಟ್‌ವೇರ್ ಲಿನಕ್ಸಿನಲ್ಲೂ ಕೆಲಸ ಮಾಡಬಲ್ಲದು, ಕಂಪನಿಯೇ ಆನ್ ಮಾಡಿಲ್ಲ. ಆದರೆ ಕೌಂಟರ್ ಸ್ಟ್ರೈಕ್ 2, ಡೋಟಾ 2 ನೇರವಾಗಿ ಲಿನಕ್ಸಿಗೇ ಇವೆ, ಪುಕ್ಕಟೆ. ಹಳೇ ಮಷೀನಿಗೆ ಸೂಪರ್‌ಟಕ್ಸ್‌ಕಾರ್ಟ್ ಇದೆ. ಕ್ರ್ಯಾಕ್ ಹುಡುಕುವ ಕರ್ಮ ಯಾಕ್ರೀ?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿಯಿತು. 11ಕ್ಕೆ ಟಿಪಿಎಂ 2.0 ಬೇಕು, ಹೊಸ ಪ್ರೊಸೆಸರ್ ಬೇಕು. ಯಲಬುರ್ಗಾ, ಕುಷ್ಟಗಿ ಕಡೆಯ ಮನೆಗಳಿಗೆ ಹೋಗುವುದು ನಾವು ಬೆಂಗಳೂರಿನಲ್ಲಿ ಬಳಸಿ ಬಿಟ್ಟ ಲ್ಯಾಪ್‌ಟಾಪು. ಅದಕ್ಕೆ ಇನ್ನು ಮೂರೇ ದಾರಿ: ಗುಜರಿ, ಬಾಗಿಲಿಲ್ಲದ ವಿಂಡೋಸ್, ಇಲ್ಲಾ ಲಿನಕ್ಸ್. ಲಿನಕ್ಸ್ ಮಿಂಟಿಗೆ 4 ಜಿಬಿ ರ್‍ಯಾಮ್ ಸಾಕು.

ಮುಂದಿನ ಹಬ್ಬಕ್ಕೆ ಊರಿಗೆ ಹೋಗುವಾಗ ಸ್ವೀಟ್ ಬಾಕ್ಸ್ ಜೊತೆ ಒಂದು ಪೆನ್‌ಡ್ರೈವ್ ಒಯ್ಯಿರಿ. ಒಂದು ಮಧ್ಯಾಹ್ನ ಕೂತು ಹಾಕಿಕೊಡಿ, ಫೋಟೋ ಬ್ಯಾಕಪ್ಪೂ ತೆಗೆದಿಡಿ. ನಾನು ಹಾಕಿಕೊಟ್ಟು ಬಂದೆ. ಅಳಿಯ ಈಗ ಓಣಿ ಹುಡುಗರ ಜೊತೆ ರೇಸ್ ಆಡ್ತಾನೆ.

ಅಪ್ಪನ ಫೋಟೋ ಮಾತ್ರ ವಾಪಸ್ ಬರಲಿಲ್ಲ.