ಗುಣಾಕಾರವನ್ನು ಹಗುರ ಮಾಡಿದ ಕೋಟೆಯ ಒಡೆಯ

ಪಿ.ಯು.ಸಿ. ವಿದ್ಯಾರ್ಥಿಗಳಿಗೂ, ಅವರ ತಂದೆ-ತಾಯಂದಿರಿಗೂ ಚಿರಪರಿಚಿತವಾದ ಪುಸ್ತಕ ಲಾಗ್ ಟೇಬಲ್. ಅದರ ಸಾಲು ಸಾಲು ಅಂಕಿಗಳ ಮೂಲದಲ್ಲಿ ಸ್ಕಾಟ್ಲೆಂಡಿನ ಶ್ರೀಮಂತನೊಬ್ಬನ ಸುಮಾರು 20 ವರ್ಷಗಳ ದುಡಿಮೆಯಿದೆ. ಆತನೇ ಜಾನ್ ನೇಪಿಯರ್.

ಎಡಿನ್‌ಬರೊ ಸಮೀಪದ ಮರ್ಚಿಸ್ಟನ್ ಕೋಟೆಯಲ್ಲಿ 1550ರಲ್ಲಿ ಜಾನ್ ಹುಟ್ಟಿದಾಗ ತಂದೆ ಆರ್ಚಿಬಾಲ್ಡ್‌ನ ವಯಸ್ಸು ಕೇವಲ 16ರ ಆಸುಪಾಸು. ಹುಡುಗನನ್ನು ಓದಲು ಹೊರದೇಶಕ್ಕೆ ಕಳಿಸುವಂತೆ ಬಿಷಪ್ ಆಗಿದ್ದ ಸೋದರಮಾವ ಪತ್ರ ಬರೆದು ಒತ್ತಾಯಿಸಿದ್ದ. 1563ರಲ್ಲಿ ಜಾನ್ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯ ಸೇರಿದ. ಅದೇ ವರ್ಷ ತಾಯಿ ತೀರಿಕೊಂಡಳು. ಅವನು ಪದವಿ ಪಡೆಯದೆಯೇ ಅಲ್ಲಿಂದ ಹೊರಬಿದ್ದ.

1572ರಲ್ಲಿ ಎಲಿಜಬೆತ್ ಸ್ಟರ್ಲಿಂಗ್‌ಳೊಡನೆ ಮದುವೆಯಾಯಿತು. ಎರಡು ಮಕ್ಕಳನ್ನು ಬಿಟ್ಟು ಆಕೆ 1579ರಲ್ಲಿ ಕಣ್ಮುಚ್ಚಿದಳು. ಎರಡನೇ ಹೆಂಡತಿ ಆಗ್ನೆಸ್ ಚಿಸೋಮ್‌ಗೆ ಹತ್ತು ಮಕ್ಕಳು. ಜಮೀನಿನ ಆಡಳಿತ, ಧರ್ಮಶಾಸ್ತ್ರದ ಬರವಣಿಗೆ, ತುಂಬಿದ ಮನೆ. ಇವುಗಳ ನಡುವೆ ಉಳಿದ ವೇಳೆಯೇ ಗಣಿತಕ್ಕೆ ಮೀಸಲು.

ಅಂದು ಖಗೋಳಜ್ಞರೂ ನಾವಿಕರೂ ದೊಡ್ಡ ದೊಡ್ಡ ಗುಣಾಕಾರಗಳಲ್ಲೇ ದಿನ ಕಳೆಯುತ್ತಿದ್ದರು. ಗುಣಾಕಾರವನ್ನು ಸಂಕಲನವಾಗಿ ಇಳಿಸಿದರೆ? 16 ಎಂದರೆ ನಾಲ್ಕು ಎರಡುಗಳ ಗುಣಲಬ್ಧ. 32 ಎಂದರೆ ಐದು ಎರಡುಗಳದು. ಅವನ್ನು ಗುಣಿಸಲು 4 ಮತ್ತು 5 ಕೂಡಿಸಿದರಾಯಿತು. ಒಂಬತ್ತು ಎರಡುಗಳ ಗುಣಲಬ್ಧ 512, ಅದೇ ಉತ್ತರ. ಇಂಥ ಅನುಕೂಲವನ್ನು ನಡುವಿನ ಸಂಖ್ಯೆಗಳಿಗೂ ಒದಗಿಸಲು ನೇಪಿಯರ್ ಕೈಯಿಂದಲೇ ಲೆಕ್ಕ ಹಾಕಿ ಕೋಷ್ಟಕ ಸಿದ್ಧಪಡಿಸಿದ. 1614ರಲ್ಲಿ ಅದು ಪ್ರಕಟವಾಯಿತು.

ಮರುವರ್ಷವೇ ಲಂಡನ್ನಿನ ಪ್ರಾಧ್ಯಾಪಕ ಹೆನ್ರಿ ಬ್ರಿಗ್ಸ್ ದೂರದ ಪ್ರಯಾಣ ಮಾಡಿ ಮರ್ಚಿಸ್ಟನ್‌ಗೆ ಬಂದ. 10ನ್ನು ಆಧಾರವಾಗಿಟ್ಟುಕೊಂಡರೆ ಬಳಕೆ ಸುಲಭವೆಂಬುದು ಇಬ್ಬರಿಗೂ ಒಪ್ಪಿಗೆಯಾಯಿತು. ಆದರೆ ಹೊಸದಾಗಿ ಲೆಕ್ಕ ಹಾಕುವ ಶಕ್ತಿ ನೇಪಿಯರ್‌ನಲ್ಲಿ ಉಳಿದಿರಲಿಲ್ಲ. ಆ ಭಾರವನ್ನು ಬ್ರಿಗ್ಸ್ ಹೊತ್ತ. 1617ರ ಏಪ್ರಿಲ್ 4ರಂದು ನೇಪಿಯರ್ ನಿಧನನಾದ.

ಕೋಷ್ಟಕ ರಚಿಸಿದ ವಿಧಾನವನ್ನು ವಿವರಿಸುವ ಹಸ್ತಪ್ರತಿ ಮಾತ್ರ ಮನೆಯಲ್ಲೇ ಉಳಿದಿತ್ತು. ಅದು ಮೂಲೆ ಸೇರಿದ್ದರೆ ತಂದೆ ನಡೆದ ದಾರಿ ಜಗತ್ತಿಗೆ ತಿಳಿಯುತ್ತಿರಲಿಲ್ಲ. ಮಗ ರಾಬರ್ಟ್ ಅದನ್ನು ಜೋಪಾನ ಮಾಡಿ 1619ರಲ್ಲಿ ಅಚ್ಚು ಹಾಕಿಸಿದ. ಹಿರಿಯ ಮಗ ಆರ್ಚಿಬಾಲ್ಡ್ 1627ರಲ್ಲಿ ಲಾರ್ಡ್ ಪದವಿ ಪಡೆದ. ಮನೆತನದ ಹೆಸರನ್ನು ಲೋಕಕ್ಕೆಲ್ಲ ತಲುಪಿಸಿದ್ದು ಮಾತ್ರ ಆ ಪದವಿಯಲ್ಲ, ಅಂಕಿಗಳ ಪುಸ್ತಕ.

ಕ್ಯಾಲ್ಕುಲೇಟರ್ ಬಂದು ಲಾಗ್ ಟೇಬಲ್‌ನ ಭಾರ ಇಳಿದಿದೆ. ಆದರೂ ಆಮ್ಲದ ಪಿ.ಎಚ್. ಅಳೆಯುವಾಗ, ಶಬ್ದದ ಡೆಸಿಬೆಲ್ ಎಣಿಸುವಾಗ ನೆರವಿಗೆ ಬರುವುದು ಪದವಿಯಿಲ್ಲದ ಆ ಹಳೆಯ ವಿದ್ಯಾರ್ಥಿಯ ಲೆಕ್ಕವೇ.