ನಡುಗುವ ಕರಸ್ಥಲ

ಕಳೆದ ಶ್ರಾವಣದ ಪ್ರವಚನಕ್ಕೆ ಹೋದಾಗ ಭಕ್ತರೊಬ್ಬರ ಮನೆಯಲ್ಲಿ ತಂಗಿದ್ದೆವು. ಆ ಮನೆಯ ಹಿರಿಯರಿಗೆ ಪಾರ್ಕಿನ್ಸನ್ ರೋಗ. ನಮ್ಮ ವೈದ್ಯರು ಕಂಪವಾತವೆನ್ನುವುದು ಇದನ್ನೇ. ಪೂಜೆಯ ಹೊತ್ತಿಗೆ ಎಡಗೈ ನಡುಗಿ, ಕರಸ್ಥಲದ ಇಷ್ಟಲಿಂಗವನ್ನು ಬಲಗೈಯಿಂದ ಹಿಡಿದುಕೊಳ್ಳಬೇಕಾಗಿತ್ತು. ಮಣಿಕಟ್ಟಿನಲ್ಲಿ ಅಯಸ್ಕಾಂತದ ಬಳೆ. "ಮಿದುಳಿಗೆ ಕಾಂತಚಿಕಿತ್ಸೆ ಬಂದಿದೆಯಂತಲ್ಲ ಗುರುಗಳೇ, ಇದೂ ಅದೇ ಅಲ್ಲವೇ? ಇನ್ನು ಗುಳಿಗೆ ನಿಲ್ಲಿಸಬಹುದೇ?" ಎಂದು ಮಗ ಕೇಳಿದರು.

ಎರಡಕ್ಕೂ ಹೆಸರಷ್ಟೇ ಸಮಾನ. ಬದಲಾಗುವ ಕಾಂತಕ್ಷೇತ್ರ ಮಾತ್ರ ವಿದ್ಯುತ್ತನ್ನು ಪ್ರೇರಿಸುವುದೆಂದು ಮೈಕೆಲ್ ಫ್ಯಾರಡೆ 1831ರಲ್ಲಿಯೇ ತೋರಿಸಿದ್ದನು; ಬಳೆಯ ಕಾಂತವಾದರೋ ಬದಲಾಗದು. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಆಂಥನಿ ಬಾರ್ಕರ್ ಮತ್ತು ಸಂಗಡಿಗರು 1985ರಲ್ಲಿ ತಲೆಗೆ ತಾಗಿಸಿದ ತಂತಿಸುರುಳಿಯಲ್ಲಿ ಕ್ಷಣಮಾತ್ರ ಪ್ರಬಲ ವಿದ್ಯುತ್ ಹರಿಸಿ, ಕತ್ತಿ ತಾಗಿಸದೆಯೇ ಮಿದುಳಿನ ನರಗಳನ್ನು ಚೇತರಿಸಿದರು.

ಆದರೆ ಸಾಮಾನ್ಯ ಸುರುಳಿಯ ಪ್ರಭಾವ ಎರಡು ಮೂರು ಸೆಂಟಿಮೀಟರಿಗಿಂತ ಆಳಕ್ಕಿಳಿಯದು. ಚಲನೆಯನ್ನು ಹದಗೊಳಿಸುವ ಡೋಪಮಿನ್ ರಸದ ನೆಲೆಯೋ ಮಿದುಳಿನ ಗರ್ಭದಲ್ಲಿದೆ. ಮೇಲೆ ತಟ್ಟಿದರೆ ಒಳಗೆ ಕೇಳಿಸೀತೇ? ಕೆನಡಾದ ಮಾಂಟ್ರಿಯಲ್ಲಿನಲ್ಲಿ ಸ್ಟ್ರಾಫೆಲ್ಲಾ ಮತ್ತು ಸಂಗಡಿಗರು ಎಂಟು ಮಂದಿ ಆರೋಗ್ಯವಂತರಲ್ಲಿ ಇದನ್ನು ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿದರು. ಎಡ ಮುಂಮಿದುಳನ್ನು ಪ್ರಚೋದಿಸಿ, ರಾಕ್ಲೊಪ್ರೈಡ್ ಎಂಬ ವಿಕಿರಣಶೀಲ ದ್ರವ್ಯವನ್ನು ರಕ್ತಕ್ಕೆ ಸೇರಿಸಿದರು. ಡೋಪಮಿನ್ ಕೂರುವ ಪೀಠದಲ್ಲಿಯೇ ಇದೂ ಕೂರುವುದು; ಡೋಪಮಿನ್ ಹೆಚ್ಚು ಸ್ರವಿಸಿದರೆ ಇದಕ್ಕೆ ಎಡೆ ಕಡಿಮೆ. ಹಿಂದಲೆಯನ್ನು ಪ್ರಚೋದಿಸಿದಾಗಿನ ಚಿತ್ರದೊಡನೆ ಹೋಲಿಸಿದಾಗ, ಆಳದ ಎಡ ಕಾಡೇಟ್ ಭಾಗದಲ್ಲಿ ಇದಕ್ಕೆ ಎಡೆ ಕಡಿಮೆಯಾಗಿತ್ತು. ಮುಂಮಿದುಳಿನಿಂದ ಅಲ್ಲಿಗಿಳಿಯುವ ನರತಂತುಗಳೇ ಸುದ್ದಿ ಮುಟ್ಟಿಸಿದ್ದವು! ಈ ಯುಕ್ತಿಯನ್ನು ಓದಿ ನಾವು ಬೆರಗಾದೆವು.

ಆದರೂ ಅದು ಆರೋಗ್ಯವಂತರ ಮಾತು. ಕಂಪವಾತದಲ್ಲಿ ಡೋಪಮಿನ್ ತಯಾರಿಸುವ ಕೋಶಗಳೇ ಅಳಿದಿರುತ್ತವೆ. ಯಾವ ಕಾಂತವೂ ಅವನ್ನು ಮರಳಿ ಹುಟ್ಟಿಸದು. ಔಷಧಕ್ಕೆ ಬಗ್ಗದ ಖಿನ್ನತೆಗೆ ಅಮೆರಿಕ 2008ರಲ್ಲಿ ಈ ಯಂತ್ರವನ್ನು ಒಪ್ಪಿತು. ಕಂಪವಾತದಲ್ಲಿ ಇದು ಗುಳಿಗೆಗೆ ಬದಲಿಯಲ್ಲ. ಲೆವೊಡೋಪ ಗುಳಿಗೆ ಮಿದುಳಿನಲ್ಲಿ ಡೋಪಮಿನ್ ಆಗಿ ಮಾರ್ಪಡುತ್ತದೆ. ಅದನ್ನು ಥಟ್ಟನೆ ಬಿಟ್ಟರೆ ಮೈ ಸೆಟೆದು, ಜ್ವರವೇರಿ ಪ್ರಾಣಕ್ಕೆ ಕುತ್ತು ಬರಬಹುದು.

ವಿಚಾರಿಸಲಾಗಿ, ಪೂಜೆಗೆ ಮುಂಚೆ ಏನನ್ನೂ ನುಂಗಬಾರದೆಂದು ಆ ಹಿರಿಯರು ಬೆಳಗಿನ ಗುಳಿಗೆಯನ್ನು ತಡಮಾಡುತ್ತಿದ್ದರು. ನಡುಕ ಹೆಚ್ಚಿದ್ದು ಅದಕ್ಕೇ. ಗುಳಿಗೆಯನ್ನೂ ಲಿಂಗಕ್ಕೆ ತೋರಿ ಪ್ರಸಾದವೆಂದು ಸ್ವೀಕರಿಸಿ, ಅದರಲ್ಲಿ ನೇಮಭಂಗವಿಲ್ಲವೆಂದೆವು. ಮೊದಲು ಒಪ್ಪಲಿಲ್ಲ. ಮೊನ್ನೆ ಮಗ ಬರೆದಿದ್ದಾರೆ: ಈಗ ಗುಳಿಗೆ ನುಂಗಿ ಮುಕ್ಕಾಲು ಗಂಟೆಗೆ ಪೂಜೆಗೆ ಕೂರುತ್ತಾರಂತೆ, ಬಲಗೈ ಪತ್ರಿ ಏರಿಸಲು ಬಿಡುವಾಗಿದೆಯಂತೆ.