ಸಾಕು ಅಂದರೆ ಸಾಕು

ಯುಗಾದಿಯ ಮಧ್ಯಾಹ್ನ. ಹ್ಯಾರೋದಲ್ಲಿ ಪರಿಚಯದವರೊಬ್ಬರ ಮನೆಯಲ್ಲಿ ಹಬ್ಬದೂಟ. ನಾನು ಒಂದು ಸಣ್ಣ ತಟ್ಟೆಯಲ್ಲಿ ಎರಡು ಚಮಚ ಕೋಸಂಬರಿ, ಎರಡು ಚಮಚ ಪಲ್ಯ, ಕಾಲು ಹೋಳಿಗೆ ಹಾಕಿಕೊಂಡು ಕಿಟಕಿಯ ಪಕ್ಕ ಕೂತಿದ್ದೆ. ಮನೆಯೊಡತಿ ಬಂದವರೇ, "ಏನಕ್ಕಾ ಇದು, ಗುಬ್ಬಿ ತಿಂದ ಹಾಗೆ! ಹಬ್ಬದ ದಿನ ಹೀಗೆ ತಿಂದ್ರೆ ನಂಗೆ ಬೇಜಾರಾಗುತ್ತೆ" ಅಂದರು. "ಬೇಡಮ್ಮಾ, ಸಾಕು" ಅಂದೆ. ಮೂರು ಸಲ ಅಂದೆ. ನಾಲ್ಕನೆಯ ಸಲ ಹೇಳುವಷ್ಟರಲ್ಲಿ ಇಡೀ ಹೋಳಿಗೆಯೊಂದು ತಟ್ಟೆಗೆ ಬಿದ್ದು, ಅದರ ಮೇಲೆ ತುಪ್ಪವೂ ಹರಿದಿತ್ತು. ಎಲ್ಲರೂ ನೋಡುತ್ತಿದ್ದರು. ತಿಂದೆ.

ಹತ್ತು ನಿಮಿಷದ ಮೇಲೆ ನಾನು ಅವರ ಬಚ್ಚಲುಮನೆಯ ನೆಲದ ಮೇಲೆ ಕೂತಿದ್ದೆ. ಎದೆಯ ನಡುವೆ ಕಲ್ಲು ಸಿಕ್ಕಿದ ಹಾಗೆ ನೋವು, ಬಾಯಲ್ಲಿ ನೊರೆ. ಹೊರಗೆ ಅದೇ ಒಡತಿಯ ದನಿ ಕೇಳಿಸಿತು: "ಹೊಟ್ಟೆ ಆಪರೇಷನ್ ಮಾಡಿಸ್ಕೊಂಡಿದ್ದಾರಂತೆ. ಅದ್ಯಾಕೆ ಬೇಕಿತ್ತು? ಸ್ವಲ್ಪ ಬಾಯಿ ಕಟ್ಟಿದ್ರೆ ಸಾಕಿತ್ತಲ್ವಾ?"

"ತಿನ್ನಿ, ತಿನ್ನಿ" ಅಂದದ್ದೂ, "ಬಾಯಿ ಕಟ್ಟಬೇಕಿತ್ತು" ಅಂದದ್ದೂ ಒಂದೇ ಬಾಯಿ. ಎರಡರ ನಡುವೆ ಅರ್ಧ ಗಂಟೆಯೂ ಇರಲಿಲ್ಲ. ನಾನು ಜಗಳ ತೆಗೆಯುತ್ತಿರುವುದು ಆ ತಾಯಿಯ ಮೇಲಲ್ಲ. ಹಾಸನದಿಂದ ಹ್ಯಾರೋದವರೆಗೆ ನಾವು ಹೊತ್ತು ತಂದಿರುವ ಒಂದು ಅಭ್ಯಾಸದ ಮೇಲೆ. ಉಣ್ಣುವವರಿಗೆ ಎಷ್ಟು ಬೇಕು ಎಂಬುದನ್ನು ಬಡಿಸುವವರು ನಿರ್ಧರಿಸುವ ಅಭ್ಯಾಸ ಅದು.

ಮೂರು ವರ್ಷದ ಹಿಂದೆ ನನಗೆ ಸ್ಲೀವ್ ಗ್ಯಾಸ್ಟ್ರೆಕ್ಟಮಿ ಆಯಿತು. ಜಠರದ ಸುಮಾರು ಮುಕ್ಕಾಲು ಭಾಗವನ್ನು ತೆಗೆದು, ಉಳಿದದ್ದನ್ನು ಬಾಳೆಹಣ್ಣಿನಂಥ ಕೊಳವೆ ಮಾಡುತ್ತಾರೆ. ಮೊದಲು ಒಂದು ಲೀಟರಿಗೂ ಮೇಲೆ ಹಿಡಿಯುತ್ತಿದ್ದ ಚೀಲ ಈಗ ಹೆಚ್ಚುಕಡಿಮೆ ಒಂದು ಕಾಫಿ ಲೋಟ. ಹಸಿವನ್ನು ಎಬ್ಬಿಸುವ ಗ್ರೆಲಿನ್ ಎಂಬ ಹಾರ್ಮೋನನ್ನು ಜಪಾನಿನ ವಿಜ್ಞಾನಿಗಳು ಪತ್ತೆ ಹಚ್ಚಿದ್ದು 1999ರಲ್ಲಿ. ಅದು ಮುಖ್ಯವಾಗಿ ಹುಟ್ಟುವ ಮೇಲ್ಭಾಗವೇ ಈ ಶಸ್ತ್ರಚಿಕಿತ್ಸೆಯಲ್ಲಿ ಹೋಗುತ್ತದೆ. ಇದೇನು ಶೋಕಿಗೆ ಮಾಡಿಸಿಕೊಳ್ಳುವುದಲ್ಲ. ಇಂಗ್ಲೆಂಡಿನ ನೈಸ್ ಸಂಸ್ಥೆಯ ಮಾರ್ಗಸೂಚಿಯಂತೆ ಬಿಎಂಐ 40 ದಾಟಿರಬೇಕು, ಇಲ್ಲವೇ 35 ದಾಟಿ ಸಕ್ಕರೆ ಕಾಯಿಲೆಯಂಥದ್ದು ಜೊತೆಗಿರಬೇಕು. ದಕ್ಷಿಣ ಏಷ್ಯಾ ಮೂಲದವರಿಗೆ ಈ ಮಿತಿಯನ್ನು 2.5ರಷ್ಟು ಇಳಿಸಿದ್ದಾರೆ, ಏಕೆಂದರೆ ನಮ್ಮ ಮೈ ಕಡಿಮೆ ತೂಕಕ್ಕೇ ಸಕ್ಕರೆ ಕಾಯಿಲೆಗೆ ಸಿಕ್ಕಿಬೀಳುತ್ತದೆ. ನಮ್ಮವರನ್ನು ಕಂಡೇ ಬರೆದ ನಿಯಮ ಅದು. ಆದರೂ ನಮ್ಮವರ ನಡುವೆ ಅದನ್ನು ಬಾಯಿಬಿಟ್ಟು ಹೇಳಿಕೊಳ್ಳುವುದಕ್ಕೆ ನನಗೆ ಎರಡು ವರ್ಷ ಹಿಡಿಯಿತು.

ಹೊಟ್ಟೆ ಸಣ್ಣದಾದ ಮೇಲೆ ತಾನಾಗಿಯೇ ಕಡಿಮೆ ತಿನ್ನುತ್ತೀರಲ್ಲ, ಮತ್ತೇನು ಕಷ್ಟ ಎಂದು ಕೇಳುವವರಿದ್ದಾರೆ. ಕಷ್ಟ ಇರುವುದೇ ಅಲ್ಲಿ. ಐವತ್ತು ವರ್ಷ ನನಗೆ ಹೊಟ್ಟೆ ತುಂಬಿದ್ದು ಗೊತ್ತಾಗುತ್ತಿದ್ದುದು ತೇಗು ಬಂದಾಗ, ಇಲ್ಲವೇ ಎಲೆ ಖಾಲಿಯಾದಾಗ. ಈಗ ಆ ಗುರುತುಗಳಿಲ್ಲ. ಈಗ ಬರುವುದು ಒಂದು ಬಿಕ್ಕಳಿಕೆ, ಮೂಗಿನಲ್ಲಿ ನೀರು, ಎದೆಗೂಡಿನ ಕೆಳಗೊಂದು ಒತ್ತು. ಅದೂ ತಡವಾಗಿ ಬರುತ್ತದೆ. ಬಂದಾಗ ಒಂದು ತುತ್ತು ಆಗಲೇ ಹೆಚ್ಚಾಗಿರುತ್ತದೆ. ಪಾಯಸ, ಐಸ್‌ಕ್ರೀಂ, ಬಾಯಲ್ಲಿ ಪುಡಿಯಾಗುವ ಚಕ್ಕುಲಿ ಇವುಗಳ ವಿಷಯದಲ್ಲಂತೂ ಆ ಸೂಚನೆಯೇ ಸರಿಯಾಗಿ ಬರುವುದಿಲ್ಲ. ಸುಮ್ಮನೆ ಜಾರಿ ಹೋಗುತ್ತವೆ. ಒಂದು ಬಟ್ಟಲು ಕಾಳಿಗೆ ಸಾಕು ಅನ್ನುವ ಹೊಟ್ಟೆ, ಅರ್ಧ ಡಬ್ಬಿ ಚಕ್ಕುಲಿಗೆ ಏನೂ ಅನ್ನುವುದಿಲ್ಲ. ಇಳಿದ ತೂಕ ಮತ್ತೆ ಏರುವುದಕ್ಕೆ ಇದೂ ಒಂದು ದಾರಿ.

ಹಾಗಾಗಿ ನಾನು ಹೊಟ್ಟೆಯನ್ನು ನಂಬುವುದಿಲ್ಲ, ತಟ್ಟೆಯನ್ನು ನಂಬುತ್ತೇನೆ. ಕೂರುವ ಮೊದಲೇ ಅಳತೆ ಮಾಡಿಕೊಳ್ಳುತ್ತೇನೆ. ಮೊದಲು ಕಾಳು, ಪನೀರ್ ಅಥವಾ ಮೊಟ್ಟೆ, ಆಮೇಲೆ ತರಕಾರಿ, ಜಾಗ ಉಳಿದರೆ ಕೊನೆಗೆ ಎರಡು ಚಮಚ ಅನ್ನ. ಒಂದೊಂದು ತುತ್ತನ್ನೂ ನುಣ್ಣಗಾಗುವ ತನಕ ಅಗಿದು, ಇಪ್ಪತ್ತು ನಿಮಿಷ ತೆಗೆದುಕೊಂಡು ಮುಗಿಸುತ್ತೇನೆ. ಊಟದ ಜೊತೆ ನೀರಿಲ್ಲ, ಮಜ್ಜಿಗೆ ಇಲ್ಲ, ಅರ್ಧ ಗಂಟೆ ಕಾಯಬೇಕು. ಕೊನೆಗೆ ಮಜ್ಜಿಗೆ ಕುಡಿಯದೆ ಏಳದ ಮನೆಯಲ್ಲಿ ಹುಟ್ಟಿದವಳಿಗೆ ಇದೇ ಎಲ್ಲಕ್ಕಿಂತ ಕಷ್ಟವಾದದ್ದು. ಇಲ್ಲಿಯವರು ಕೊಟ್ಟ ಹಾಳೆಯಲ್ಲಿ ಟ್ಯೂನಾ ಮೀನು, ಕಾಟೇಜ್ ಪೈ ಇದ್ದವು. ಬಿಸಿಬೇಳೆಬಾತ್ ಎಷ್ಟು, ಇಡ್ಲಿ ಎಷ್ಟು ಎಂದು ಇರಲಿಲ್ಲ. ಒಂದೊಂದನ್ನೂ ತಿಂದು, ನೋವು ಅನುಭವಿಸಿ ನಾನೇ ಬರೆದಿಟ್ಟುಕೊಂಡೆ.

ಇಷ್ಟು ಕಷ್ಟಪಟ್ಟು ಮಾಡಿಕೊಂಡ ಅಳತೆ, ಯಾರೋ ಹಿಂದಿನಿಂದ ಬಂದು ಒಂದು ಸೌಟು ಹಾಕಿದರೆ ಮುಗಿಯಿತು. ಎಷ್ಟು ತಿಂದೆ, ಎಷ್ಟು ಉಳಿದಿದೆ, ಲೆಕ್ಕ ತಪ್ಪಿತು. ನಿಮಗೆ ಅದು ಪ್ರೀತಿಯ ಒಂದು ಸೌಟು. ನನಗೆ ಅದು ಕುರುಡನ ಕೈಯ ಕೋಲು ಕಿತ್ತುಕೊಂಡ ಹಾಗೆ.

ಉಪಚಾರ ನಮ್ಮ ಸಂಸ್ಕೃತಿ ಅಲ್ಲವೇ ಎಂದು ಕೇಳುತ್ತೀರಿ. ಹೌದು, ಅದು ಹುಟ್ಟಿದ್ದಕ್ಕೆ ಕಾರಣವೂ ಇದೆ. ಬಂದವರು ನಾಚಿಕೆಯಿಂದ "ಬೇಡ" ಅನ್ನುತ್ತಿದ್ದರು. ಮನೆಯವರ ಪಾತ್ರೆಯಲ್ಲಿ ಎಷ್ಟಿದೆಯೋ ಎಂಬ ಅಳುಕಿನಿಂದ "ಸಾಕು" ಅನ್ನುತ್ತಿದ್ದರು. 1876–78ರ ಧಾತು ಈಶ್ವರ ಕ್ಷಾಮವನ್ನು ಕಂಡ ನಾಡು ನಮ್ಮದು. 1960ರ ದಶಕದಲ್ಲಿ ರೇಷನ್ ಅಂಗಡಿಯ ಮುಂದೆ ಅಮೆರಿಕದ ಗೋಧಿಗೆ ನಿಂತವರು ನಮ್ಮ ಹೆತ್ತವರು. ಅಂಥ ಕಾಲದಲ್ಲಿ "ಬೇಡ" ಎಂಬುದನ್ನು ನಂಬದೆ ಮತ್ತೆ ಬಡಿಸಿದ್ದು ದೊಡ್ಡ ಗುಣ. ಆದರೆ ಇಲ್ಲಿ ಯಾರ ಅಡುಗೆಮನೆಯಲ್ಲಿ ಅಕ್ಕಿ ಮುಗಿದಿದೆ? ಕೆಂಟನ್ ರಸ್ತೆಯ ಅಂಗಡಿಯಿಂದ ಹತ್ತು ಕೆಜಿ ಚೀಲ ಹೊತ್ತು ತರುವ ನಾವು, ಬರಗಾಲದ ಉಪಚಾರವನ್ನು ಸಕ್ಕರೆ ಕಾಯಿಲೆಯ ಕಾಲದಲ್ಲೂ ನಡೆಸಿಕೊಂಡು ಬಂದಿದ್ದೇವೆ.

ಸಂಸ್ಕೃತಿಯ ಮಾತೇ ಆದರೆ, ಅಷ್ಟಾಂಗಹೃದಯ ಹೇಳುವುದೇನು? ಹೊಟ್ಟೆಯ ಅರ್ಧ ಭಾಗ ಅನ್ನಕ್ಕೆ, ಕಾಲು ಭಾಗ ನೀರಿಗೆ, ಇನ್ನು ಕಾಲು ಭಾಗ ಗಾಳಿಗೆಂದು ಖಾಲಿ ಬಿಡಬೇಕು. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯನ್ನು ನಾವೆಲ್ಲ ಮಕ್ಕಳಿಗೆ ಹೇಳುತ್ತೇವೆ. ಅದೇ ಮಕ್ಕಳು ತಟ್ಟೆ ಸರಿಸಿದರೆ "ಇನ್ನೊಂದೇ ತುತ್ತು, ಅಪ್ಪನ ಹೆಸರಲ್ಲಿ" ಎಂದು ಬಾಯಿಗೆ ತುರುಕುತ್ತೇವೆ. ತನ್ನ ಹೊಟ್ಟೆಯ ಮಾತು ಕೇಳುವುದನ್ನು ಮಗುವಿಗೆ ಮೂರನೇ ವಯಸ್ಸಿನಲ್ಲೇ ಮರೆಸಿ, ಐವತ್ತಾದಾಗ ಬಾಯಿ ಕಟ್ಟು ಅನ್ನುತ್ತೇವೆ. ನನ್ನ ಮಗಳಿಗೆ ನಾನೂ ಹೀಗೇ ತುರುಕಿದ್ದೇನೆ, ಒಪ್ಪಿಕೊಳ್ಳುತ್ತೇನೆ.

ಇದು ನನ್ನೊಬ್ಬಳ ಗೋಳಲ್ಲ. 2025ರ ಜೂನ್‌ನಿಂದ ಇಂಗ್ಲೆಂಡಿನಲ್ಲಿ ಆಯ್ದ ರೋಗಿಗಳಿಗೆ ಜಿಪಿಗಳ ಮೂಲಕವೂ ಮೌಂಜಾರೊ ಚುಚ್ಚುಮದ್ದು ಸಿಗತೊಡಗಿದೆ. ಅದು ಹಸಿವನ್ನೇ ಇಳಿಸುತ್ತದೆ. ನಿಮ್ಮ ಮುಂದಿನ ಹಬ್ಬದೂಟದಲ್ಲಿ ಅದನ್ನು ತೆಗೆದುಕೊಳ್ಳುವವರು ಒಬ್ಬರಾದರೂ ಇರಬಹುದು, ಹೇಳಿಕೊಳ್ಳಲಾರರು. ಹಸಿವು ಕುಗ್ಗಿದ ಅಜ್ಜ ಅಜ್ಜಿಯರಂತೂ ಪ್ರತಿ ಮನೆಯಲ್ಲೂ ಇದ್ದಾರೆ. ಯಾಕೆ ಬೇಡ ಎಂದು ಹತ್ತು ಜನರ ಮುಂದೆ ಕಾರಣ ಕೇಳಬೇಡಿ. "ಸಾಕು" ಎಂಬುದಕ್ಕೆ ವೈದ್ಯರ ಚೀಟಿ ಬೇಕಾಗಬಾರದು.

ನಾನು ಕೇಳುವುದು ಸಣ್ಣ ಸಣ್ಣ ಸಂಗತಿಗಳನ್ನು. ಮೇಜಿನ ಮೇಲೆ ದೊಡ್ಡ ತಟ್ಟೆಗಳ ಜೊತೆ ನಾಲ್ಕು ಸಣ್ಣ ತಟ್ಟೆಗಳನ್ನೂ ಇಡಿ. ನಮ್ಮ ಸಂಘಗಳ ರಾಜ್ಯೋತ್ಸವದ ಊಟದಲ್ಲಿ ಅರ್ಧ ಊಟದ ಚೀಟಿಯೂ ಇರಲಿ. ಒಂದು ಸಲ ಕೇಳಿ, ಒಂದೇ ಸಲ. ಬೇಡ ಅಂದರೆ ಸೌಟನ್ನು ಪಾತ್ರೆಗೆ ವಾಪಸು ಹಾಕಿ, ಪಕ್ಕದಲ್ಲಿ ಕೂತು ಮಾತಾಡಿ. ನಾವು ನಿಮ್ಮ ಮನೆಗೆ ಬರುವುದು ಅದಕ್ಕೇ.

ಮುಂದಿನ ಯುಗಾದಿ ಊಟ ನಮ್ಮ ಮನೆಯಲ್ಲಿ. ಆ ಮನೆಯೊಡತಿಯನ್ನೂ ಕರೆಯುತ್ತೇನೆ. ಪಾತ್ರೆಗಳು ಮೇಜಿನ ಮೇಲಿರುತ್ತವೆ, ಬೇಕಾದಷ್ಟು ಹಾಕಿಕೊಳ್ಳಿ. ನಾನು ಬಡಿಸುವುದಿಲ್ಲ. ಅದನ್ನು ಅನಾದರ ಅಂದುಕೊಳ್ಳಬೇಡಿ.